ಹಲ್ಲು ಮುರಿದ ಚಕ್ರದ ತಾಳ

ಫೆಬ್ರವರಿ ೩

ಅಕ್ಕಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನೀನು ಇದನ್ನು ಭಾವನ ಕಡೆಗೆ ಎಸೆದು, “ನಿಮ್ಮ ಹೀರೋ ಬರ್ದಿದಾನೆ, ನೀವೇ ಓದ್ಕೊಳ್ಳಿ” ಎಂದಿರುತ್ತೀಯ. ಭಾವ, ದಯವಿಟ್ಟು ಜೋರಾಗಿ ಓದಿ. ಅವಳು ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತಾಳೆ, ಆದರೆ ಒಂದಕ್ಷರವೂ ಬಿಡದೆ ಕೇಳಿಸಿಕೊಳ್ಳುತ್ತಾಳೆ.

ವಿಷಯಕ್ಕೆ ಬರುತ್ತೇನೆ. ‘ಕುಂಟು ಕುದುರೆ’ ಈ ವರ್ಷ ನಿಲ್ಲುತ್ತದೆ. ನಾವಿಬ್ಬರೂ ಸೇರಿ ಕಟ್ಟಿದ ಬ್ಯಾಂಡು, ಪೇಪರಿನವರಿಗಿಂತ ಮೊದಲು ನಿನಗೆ ಹೇಳಬೇಕು ಅನ್ನಿಸಿತು. ಕೊನೆಯ ಕಾರ್ಯಕ್ರಮ ಮೇ ತಿಂಗಳಲ್ಲಿ, ಸೈಕಲ್ ಕಾರ್ಖಾನೆಯ ಮೈದಾನದಲ್ಲಿ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಗೇಟಿನ ಮೇಲಿನ ಕಬ್ಬಿಣದ ಸೈಕಲ್ ಮಾತ್ರ ಇನ್ನೂ ಇದೆ, ಮುಂದಿನ ಚಕ್ರವಿಲ್ಲ. ನಮ್ಮ ಮೊದಲ ಕಾರ್ಯಕ್ರಮವೂ ಅಲ್ಲೇ ಅಲ್ಲವೇ, ಕೆಲಸಗಾರರ ವಾರ್ಷಿಕ ಕೂಟದಲ್ಲಿ? ನೀನು ಡ್ರಮ್ಸ್ ಹಿಂದೆ ಕೂತಾಗ ಮುಂದಿನ ಸಾಲಿನಲ್ಲಿದ್ದ ಫೋರ್‌ಮನ್, “ಹುಡುಗಿ ಹಿಡ್ಕೊಂಡಿರೋದು ಕೋಲೋ ಸೌಟೋ?” ಎಂದು ಕೂಗಿದ. ನೀನು ಒಂದು ಏಟು ಹಾಕಿದೆ ನೋಡು, ಅವನ ಕೈಲಿದ್ದ ಲೋಟ ಕೆಳಗೆ ಬಿತ್ತು. ಆಮೇಲೆ ಕುರ್ಚಿ ಹತ್ತಿ ಕುಣಿದವನೂ ಅವನೇ.

ಈಗ ನಿನ್ನ ಜಾಗದಲ್ಲಿ ಬಾರಿಸುತ್ತಿರುವುದು ಒಬ್ಬ ಹೊಸ ಡ್ರಮ್ಮರ್. ವಯಸ್ಸಿನಲ್ಲಿ ನಮ್ಮ ಮಗಳಾಗಬಹುದು, ಕೈಯಲ್ಲಿ ನಮ್ಮಪ್ಪನಾಗಬಹುದು. ನಾವು ಅವಳನ್ನು ಗಡಿಯಾರ ಎನ್ನುತ್ತೇವೆ. ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಅದೇ ತೊಂದರೆ. ‘ಶಾಯಿ ಕೈ’ ಹಾಡಿಗೆ ಅಪ್ಪನ ಅಚ್ಚಿನ ಯಂತ್ರದ ಕುಂಟು ಬೇಕು. ಕೆಳಗೆ ಆ ಯಂತ್ರ, ಮೇಲೆ ನಮ್ಮ ಕೋಣೆ, ನಡುವೆ ಬರೀ ಮರದ ಹಲಗೆ. ಚಕ್ರದ ಒಂದು ಹಲ್ಲು ಮುರಿದಿದ್ದರಿಂದ ಪ್ರತಿ ಸುತ್ತಿಗೂ ಅದು ಒಮ್ಮೆ ತಡೆದು, ಉಸಿರು ಹಿಡಿದು, ಆಮೇಲೆ ಧಡಕ್ ಎಂದು ಬೀಳುತ್ತಿತ್ತು. ಆ ತಾಳಕ್ಕೇ ನೀನು ಬಿಸ್ಕತ್ತಿನ ಡಬ್ಬ ಬಡಿದೆ, ನಾನು ಹಾಡಿದೆ. ಅದರ ಮೇಲೇ ಇಷ್ಟು ವರ್ಷ ಹೊಟ್ಟೆ ಹೊರೆದೆ. ಅದು ನಿನ್ನ ಕೈಗೆ ಬಿಟ್ಟರೆ ಇನ್ಯಾರ ಕೈಗೂ ಕೂತಿಲ್ಲ.

ಒಂದೇ ಒಂದು ಹಾಡು. ಬಂದು, ಕೂತು, ಬಾರಿಸಿ ಹೋಗು. ನನ್ನ ಜೊತೆ ಮಾತಾಡಬೇಕು ಅಂತಲೂ ಇಲ್ಲ.

ಪತ್ರವನ್ನೇ ಬರೆ. ಫೋನ್ ಬೇಡ.

ಈಗಲೂ ನಿನ್ನ ತಮ್ಮನೇ ಆಗಿರುವ
ಗುಬ್ಬಿ

*

ಫೆಬ್ರವರಿ ೧೬

ಗುಬ್ಬಿ,

ನಾನು ಪಾತ್ರೆ ಸದ್ದು ಮಾಡಲಿಲ್ಲ. ಆವತ್ತು ತೊಳೆಯುವ ಸರದಿ ನಿಮ್ಮ ಭಾವನದು.

ಫೋನ್ ಬೇಡ ಅಂದರೆ ಮಾಡದೆ ಬಿಡುವವಳಾ ನಾನು? ಎರಡು ಸಲ ಮಾಡಿದೆ. ಎರಡು ಸಲವೂ ನೀನು ಎತ್ತಿ, “ಯಾರು? ಯಾರು?” ಎಂದು ಕಿರುಚಿ ಇಟ್ಟುಬಿಟ್ಟೆ. ಒಡಹುಟ್ಟಿದವಳ ದನಿ ಮರೆಯುವಷ್ಟು ದೊಡ್ಡ ಮನುಷ್ಯನಾಗಿದ್ದೀಯ, ಬಹಳ ಸಂತೋಷ.

ಇನ್ನು ನಿನ್ನ ಸುದ್ದಿ ನಮಗೆ ಪೇಪರಿನಿಂದಲೇ ಗೊತ್ತಾಗಬೇಕಲ್ಲ. ‘ಬರಿಗಾಲ ದೊರೆ’ ಬಂದರಿನ ಊರಿನ ಕಾರ್ಯಕ್ರಮಕ್ಕೆ ಕುಡಿದು ಬಂದಿದ್ದ, ತಾಳ ಒಂದು ಕಡೆ ಹೋದರೆ ಅವನು ಇನ್ನೊಂದು ಕಡೆ ಹೋದ, ಜನ ನಕ್ಕರು ಅಂತ ಬರೆದಿದ್ದರು. ನಾಚಿಕೆಯಾಗಲಿಲ್ಲವೇನೋ? ಅಪ್ಪನ ತಾಳ ಅಂತ ಈಗ ರಾಗ ಎಳೆಯುತ್ತೀಯ. ಅದೇ ಪೇಪರಿನಲ್ಲಿ ನಿನ್ನ ಹಳೇ ಮಾತೊಂದನ್ನೂ ಹಾಕಿದ್ದರು. ಬರಿಗಾಲಲ್ಲಿ ಹಾಡುವುದು ಭೂಮಿಯ ಶಕ್ತಿಯನ್ನು ಹೀರಿಕೊಳ್ಳುವುದಕ್ಕಂತೆ. ಅಬ್ಬಬ್ಬಾ! ಮನೆಯಲ್ಲಿ ಗಟ್ಟಿ ಅಟ್ಟೆಯ ಬೂಟು ಇದ್ದದ್ದು ಒಂದೇ ಜೊತೆ, ಡ್ರಮ್ಮಿನ ಪೆಡಲ್ ತುಳಿಯುವುದಕ್ಕೆ ಅದು ನನಗೆ ಬೇಕಿತ್ತು. “ನೀನು ಹಾಡೋದು ಬಾಯಲ್ಲಿ ತಾನೇ, ಕಾಲಿಗ್ಯಾಕೆ ಬೂಟು, ಬಿಚ್ಚೋ” ಅಂದು ನಿನ್ನ ಕಾಲಿಂದ ಕಿತ್ತುಕೊಂಡೆ. ಭೂಮಿಯ ಶಕ್ತಿಯಂತೆ! ಆ ಬೂಟು ಈಗಲೂ ಇಲ್ಲೇ ಇದೆ. ಭಾವ ಆಗಾಗ ಪಾಲಿಶ್ ಹಾಕಿಡುತ್ತಾರೆ. ಯಾಕ್ರೀ ಅಂದರೆ ನಗುತ್ತಾರೆ. ನಮ್ಮ ಬ್ಯಾಂಡಿನ ವ್ಯಾನ್ ಓಡಿಸುತ್ತಿದ್ದಾಗಲೂ ಹಾಗೇ ಅಲ್ಲವೇ, ದಾರಿ ತಪ್ಪಿದರೂ ನಗು, ಟೈರು ಒಡೆದರೂ ನಗು.

ನಾನು ಬರುವುದಿಲ್ಲ. ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಅಪ್ಪನ ಪ್ರೆಸ್ಸು, ಆಮೇಲೆ ಈ ಬೈಂಡಿಂಗ್ ಅಂಗಡಿ, ಕಾಗದದ ಬಂಡಲ್ ಹೊತ್ತು ಹೊತ್ತು ಹೀಗಾಗಿದೆ. ತಲೆ ಬಾಚಿಕೊಳ್ಳುವುದೇ ಎಡಗೈಯಲ್ಲಿ. ಕೋಲು ಹಿಡಿಯುವುದು ದೂರದ ಮಾತು.

ಭುಜ ಸರಿಯಿದ್ದಿದ್ದರೂ ಬರುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಪ್ಪನಿಗೆ ಸ್ಟ್ರೋಕ್ ಹೊಡೆದಾಗ ನಾನು ಟೂರಿನ ಮಧ್ಯದಿಂದ ಬಸ್ಸು ಹತ್ತಿ ಬಂದೆ. ಆಸ್ಪತ್ರೆಯಿಂದ ಫೋನ್ ಮಾಡಿದಾಗ ನೀನು, “ನಾನೇನ್ ಮಾಡ್ಲಿ ಅಕ್ಕ?” ಅಂತ ಕೇಳಿದೆ. ನಾನು, “ಹೋಗು, ಹಾಡು” ಅಂದೆ. ನೀನು ಹೋದೆ. ನನ್ನ ಸ್ಟೂಲು ತಣ್ಣಗಾಗುವುದಕ್ಕೂ ಬಿಡದೆ ಮರುದಿನವೇ ಬೇರೆಯವನನ್ನು ಕೂರಿಸಿದೆ. ಮೂವತ್ತು ವರ್ಷದಲ್ಲಿ ಬ್ಯಾಂಡಿಗೆ ನನ್ನ ನೆನಪಾಗಿರಲಿಲ್ಲ, ಈಗ ಯಾಕೆ?

ಅಕ್ಕ

*

ಮಾರ್ಚ್ ೨

ಅಕ್ಕಾ,

ನಿನ್ನ ದನಿ ಮರೆತಿಲ್ಲ. ಕೇಳಿಸಲಿಲ್ಲ.

ಇದನ್ನು ಸುತ್ತಿ ಬಳಸಿ ಹೇಳಲು ಎಷ್ಟೋ ಹಾಳೆ ಹರಿದೆ. ನೇರವಾಗಿ ಬರೆಯುವುದೇ ವಾಸಿ. ನನ್ನ ಕಿವಿ ಹೋಗಿದೆ. ಎಡಗಡೆಯದು ಪೂರ್ತಿ, ಬಲಗಡೆಯದು ಹೆಚ್ಚುಕಮ್ಮಿ ಪೂರ್ತಿ. ಎದುರಿಗೆ ಕೂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಹೇಗೋ ಸಂಭಾಳಿಸುತ್ತೇನೆ. ಫೋನಿನಲ್ಲಿ ತುಟಿ ಎಲ್ಲಿ? ಕಿವಿಯ ಡಾಕ್ಟರು ಬರೆದು ತೋರಿಸಿದರು, “ಅಷ್ಟು ದೊಡ್ಡ ಸ್ಪೀಕರ್ ಪಕ್ಕ ಅಷ್ಟು ವರ್ಷ ನಿಂತ್ರಲ್ಲ, ಇಷ್ಟು ದಿನ ಉಳಿದಿದ್ದೇ ಪುಣ್ಯ.” ಕಿವಿಗೆ ಹಾಕುವ ಯಂತ್ರ ಕೊಟ್ಟಿದ್ದಾರೆ. ಮನೆಯಲ್ಲಿ ಅಷ್ಟಿಷ್ಟು ಕೆಲಸಕ್ಕೆ ಬರುತ್ತದೆ. ಸ್ಟೇಜಿನ ಮೇಲೆ ಹಾಕಿಕೊಂಡರೆ ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ.

ಬಂದರಿನ ಊರಿನಲ್ಲಿ ನಾನು ಕುಡಿದಿರಲಿಲ್ಲ. ಕುಡಿದಿದ್ದಾನೆ ಎಂದು ಬರೆದಾಗ ಸುಮ್ಮನಿದ್ದೆ. ರಾಕ್ ಹಾಡುವವನಿಗೆ ಕುಡುಕ ಅನ್ನಿಸಿಕೊಳ್ಳುವುದೇನೂ ದೊಡ್ಡ ವಿಷಯವಲ್ಲ, ಕಿವುಡ ಅಂದರೆ ಅಲ್ಲಿಗೆ ಕತೆ ಮುಗಿಯಿತು. ಬ್ಯಾಂಡಿನಲ್ಲಿ ಗೊತ್ತಿರುವುದು ಗಡಿಯಾರಕ್ಕೆ ಮಾತ್ರ. ನಾನು ಹಾಡುವಾಗ ಸದಾ ಅವಳ ಕಾಲನ್ನೇ ನೋಡುತ್ತೇನೆ ಎಂದು ಅವಳಿಗೆ ಅನುಮಾನ ಬಂತು. ಮೊದಲು ಬೇರೇನೋ ಅಂದುಕೊಂಡು ಬೈಯಲು ಬಂದಿದ್ದಳು, ಪಾಪ.

ಸ್ವರ ಗಂಟಲಿಗೆ ಗೊತ್ತು ಅಕ್ಕ. ಅದಕ್ಕೆ ಕಿವಿ ಬೇಕಾಗಿಲ್ಲ. ಗೊತ್ತಾಗದಿರುವುದು ಎಲ್ಲಿ ಶುರು ಮಾಡಬೇಕು ಎನ್ನುವುದು. ಬೇರೆ ಹಾಡುಗಳನ್ನು ನನ್ನ ಗಿಟಾರಿನಿಂದಲೇ ಶುರು ಮಾಡುತ್ತೇನೆ, ಎಲ್ಲರೂ ನನ್ನ ಹಿಂದೆ ಬರುತ್ತಾರೆ. ‘ಶಾಯಿ ಕೈ’ ಮಾತ್ರ ಬರೀ ಡ್ರಮ್ಮಿನಿಂದ ಶುರು, ದೀಪವೆಲ್ಲ ಆರಿರುತ್ತದೆ, ನಾನು ಜನರ ಕಡೆ ಮುಖ ಮಾಡಿ ಬರಿಗೈಯಲ್ಲಿ ನಿಂತಿರುತ್ತೇನೆ. ಡ್ರಮ್ಮು ಹಲಗೆಯಿಂದ ನನ್ನ ಅಂಗಾಲಿಗೆ ಬರುತ್ತದೆ. ಆದರೆ ನೆಟ್ಟಗಿನ ತಾಳದಲ್ಲಿ ಪ್ರತಿ ಏಟೂ ಪಕ್ಕದ ಏಟಿನ ಹಾಗೇ ಇರುತ್ತದೆ. ಯಾವುದು ಮೊದಲನೆಯದು ಅಂತ ಹೇಗೆ ಹುಡುಕಲಿ? ನಿನ್ನ ಕುಂಟಿದ್ದರೆ ಗೊತ್ತಾಗುತ್ತದೆ. ತಡೆಯಿತು, ಬಿತ್ತು, ಇಗೋ ಇಲ್ಲಿ ಬಾಗಿಲು.

ಆ ಹಾಡಿಲ್ಲದೆ ಜನ ನನ್ನನ್ನು ಸ್ಟೇಜಿನಿಂದ ಇಳಿಯಲು ಬಿಡುವುದಿಲ್ಲ. ಅಲ್ಲಿ ಎಡವಿದರೆ ಉಳಿದದ್ದೆಲ್ಲ ಮರೆತು ಅದೊಂದನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಮ್ಮ ಕುದುರೆ ನಗೆಪಾಟಲಾಗಿ ಮುಗಿಯುವುದು ನನಗೆ ಬೇಡ. ಭಯವಾಗಿದೆ ಅಕ್ಕ. ಇದನ್ನು ಇನ್ಯಾರಿಗೆ ಹೇಳಲಿ?

ಗುಬ್ಬಿ

*

ಮಾರ್ಚ್ ೮

ಗುಬ್ಬಿ,

ನಿನ್ನ ಪತ್ರ ಓದಿ ಭಾವ ಅತ್ತರು. ನಾನು ಅಂಗಡಿ ಬೇಗ ಮುಚ್ಚಿದೆ, ಅಷ್ಟೇ.

ಮೊದಲೇ ಬರೆಯುವುದಕ್ಕೆ ಏನಾಗಿತ್ತು ನಿನಗೆ? ಪೆದ್ದ. ಚಿಕ್ಕಂದಿನಿಂದ ಹೀಗೇ, ಜ್ವರ ಬಂದರೂ ಹಾಸಿಗೆಯಡಿ ಅಡಗಿಕೊಳ್ಳುತ್ತಿದ್ದೆ.

ಗಡಿಯಾರವನ್ನು ಇಲ್ಲಿಗೆ ಕಳಿಸು. ಕೈ ಏಳದಿದ್ದರೂ ನನ್ನ ಬಾಯಿ ಏಳುತ್ತದೆ. ಕೋಲುಗಳನ್ನು ತರುವುದು ಬೇಡ ಅನ್ನು. ಹಳೇ ಬಟ್ಟೆ ಹಾಕಿಕೊಂಡು ಬರಲಿ.

ರಾತ್ರಿ ಒಬ್ಬನೇ ರಸ್ತೆ ದಾಟಬೇಡ, ಹಾರ್ನ್ ಕೇಳಿಸುವುದಿಲ್ಲ ನಿನಗೆ.

ಅಕ್ಕ

*

ಏಪ್ರಿಲ್ ೧

ಗುಬ್ಬಿ,

ನಿನ್ನ ಗಡಿಯಾರ ಬಂದು, ಒಂದು ವಾರ ಇದ್ದು, ನಿನ್ನೆ ಹೊರಟಳು. ಒಳ್ಳೆಯ ಹುಡುಗಿ, ಆದರೆ ಬಾಯಿ ತೆರೆದರೆ ಲೆಕ್ಕ. ಬಂದವಳೇ ಪುಟ್ಟ ಯಂತ್ರವೊಂದನ್ನು ಮೇಜಿನ ಮೇಲಿಟ್ಟು, “ಆಂಟಿ, ನಾಲ್ಕನೇ ಏಟು ಎಷ್ಟು ಲೇಟಾಗಿ ಬೀಳ್ಬೇಕು?” ಅಂದಳು.

“ಲೇಟಲ್ಲ ಅದು. ಕಾಯೋದು” ಅಂದೆ.

“ಏನನ್ನ ಕಾಯೋದು?”

ನೋಡು, ಇಷ್ಟು ವರ್ಷ ನಿನ್ನ ಬ್ಯಾಂಡಿನಲ್ಲಿ ಬಂದು ಹೋದ ಡ್ರಮ್ಮರ್‌ಗಳಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿರಲಾರ. ಅವಳನ್ನು ಕೆಳಗೆ ಕರೆದುಕೊಂಡು ಹೋದೆ. ಯಂತ್ರ ಗುಜರಿಗೆ ಹೋಗಿ ಬಹಳ ಕಾಲವಾಯಿತು, ನೆಲದಲ್ಲಿ ಬೋಲ್ಟಿನ ತೂತುಗಳು ಮಾತ್ರ ಇವೆ. ಅಲ್ಲಿ ಅವಳನ್ನು ಅಪ್ಪನ ಸ್ಟೂಲಿನ ಮೇಲೆ ಕೂರಿಸಿದೆ. ಒಂದೊಂದೇ ಹಾಳೆಯನ್ನು ಕೈಯಿಂದ ಒಳಗಿಡಬೇಕು, ಯಂತ್ರ ಬಾಯಿ ಮುಚ್ಚುವುದರೊಳಗೆ ಕೈ ತೆಗೆಯಬೇಕು ಅಂತ ವಿವರಿಸಿದೆ. ಆಮೇಲೆ ನಾನೇ ಯಂತ್ರವಾದೆ. ಹಳೇ ಅಚ್ಚುಮೊಳೆ ಪೆಟ್ಟಿಗೆಯ ಮುಚ್ಚಳವನ್ನು ಎಡಗೈಯಲ್ಲಿ ಎತ್ತಿ ಎತ್ತಿ ಮುಚ್ಚಿದೆ, ಅವಳು ಹಾಳೆ ಇಟ್ಟು ಇಟ್ಟು ಕೈ ತೆಗೆದಳು. ಮೊದಲ ದಿನ ಬೆರಳು ಸಿಕ್ಕಿಸಿಕೊಂಡು ಕಿರುಚಿದಳು. ನಾಲ್ಕಾರು ದಿನದಲ್ಲಿ ಲೆಕ್ಕ ಬಿಟ್ಟಳು. ಒಂದು ಬೆಳಿಗ್ಗೆ ಮೇಲೆ ನಮ್ಮ ಹಳೇ ಕೋಣೆಯಲ್ಲಿ ಮೇಜು ಬಡಿಯುತ್ತಿದ್ದಳು. ಸ್ನಾನಕ್ಕೆ ಹೋಗಿದ್ದ ಭಾವ ತಲೆಯ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಓಡಿ ಬಂದು, “ಯಂತ್ರ ವಾಪಸ್ ಬಂತೇನೇ?” ಅಂದರು. ಅಷ್ಟು ಸಾಕು, ಕಲಿತಳು ಅಂತ ತಿಳಿದುಕೊಂಡೆ.

ಅವಳಿಗೆ ಹೇಳಿದ್ದನ್ನು ನಿನಗೂ ಹೇಳಬೇಕು. ನಾನು ಬ್ಯಾಂಡು ಬಿಟ್ಟ ಮೇಲೆ ನಿಮ್ಮ ಮೊದಲ ರೆಕಾರ್ಡು ಹೆಸರು ಮಾಡಿದಾಗ, ಅಪ್ಪನಿಗೆ ಅಂತ ಎಲ್ಲೋ ಎರಕ ಹೊಯ್ಸಿ ಹೊಸ ಚಕ್ರ ಕಳಿಸಿದ್ದೆಯಲ್ಲ, ಎಲ್ಲ ಹಲ್ಲೂ ಇದ್ದದ್ದು? “ಅಪ್ಪನ ಯಂತ್ರ ಈಗ ಕುಂಟಲ್ಲ” ಅಂತ ರೇಡಿಯೋದಲ್ಲೂ ಹೇಳಿಕೊಂಡಿದ್ದೆ. ಅಪ್ಪ ಅದನ್ನು ಖುಷಿಯಿಂದಲೇ ಹಾಕಿಸಿದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಓಡಿಸಿದರು. ಊಟಕ್ಕೆ ಬಂದು ಕೂತು, “ಇದು ಯಾರಿಗೂ ಕಾಯಲ್ಲ” ಅಂದರು. ಸಂಜೆಯೊಳಗೆ ಬಿಚ್ಚಿ, ಮುರಿದ ಹಲ್ಲಿನದನ್ನೇ ಹಾಕಿದರು. ಮುರಿದ ಹಲ್ಲಿನ ಆ ತಡೆಯಲ್ಲೇ ಅವರು ಇಷ್ಟು ಕಾಲ ಬೆರಳು ಉಳಿಸಿಕೊಂಡಿದ್ದು. ಹೊಸ ಚಕ್ರ ಕಾಗದ ಹಾರದಂತೆ ಇಡುವುದಕ್ಕಾಯಿತು. “ಅವನಿಗೆ ಹೇಳ್ಬೇಡ, ಪ್ರೀತಿಯಿಂದ ಕಳ್ಸಿದಾನೆ” ಅಂದಿದ್ದರು. ಹೇಳಲಿಲ್ಲ.

ಸ್ಟ್ರೋಕ್ ಆದಾಗಿನಿಂದ ಎಡಗೈ ನಿಧಾನವಾಗಿತ್ತು. ಆದರೂ ಎಂಟು ವರ್ಷ ಕೆಲಸ ಮಾಡಿದರು. ಯಂತ್ರ ಅವರ ಕೈಗೆ ಕಾಯುತ್ತಿತ್ತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ, ಪ್ರತಿ ಸಲವೂ ಈಗ ಬೆರಳು ಹೋಯಿತು ಅಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ಅದು ಕಾಯುತ್ತಿತ್ತು.

ಅಕ್ಕ

*

ಏಪ್ರಿಲ್ ೧೪

ಅಕ್ಕಾ,

ಚಕ್ರದ ಕತೆ ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ, ಎರಡೂ ಮಾಡಿದೆ. ಪ್ರತಿ ಸಂದರ್ಶನದಲ್ಲೂ ಕೊಚ್ಚಿಕೊಂಡಿದ್ದೇನೆ ಮಾರಾಯ್ತಿ, “ನನ್ನ ಮೊದಲ ಸಂಪಾದನೆಯಲ್ಲಿ ಅಪ್ಪನ ಯಂತ್ರ ಸರಿಮಾಡಿಸಿದೆ” ಅಂತ. ಅಪ್ಪ ಅದನ್ನೆಲ್ಲ ಓದಿ, ಪೇಪರು ಮಡಚಿ, ಅದರ ಮೇಲೆ ಅದೇ ಚಕ್ರ ಇಟ್ಟಿರುತ್ತಾರೆ ಅಲ್ಲವೇ? ಆಮೇಲೆ ನಾನೂ ನೆಟ್ಟಗಿನ ಚಕ್ರಗಳನ್ನೇ ಹುಡುಕುತ್ತಾ ಹೋದೆ, ನಿನ್ನ ಸ್ಟೂಲಿಗೆ.

ಗಡಿಯಾರ ಬೇರೆಯವಳಾಗಿ ಬಂದಿದ್ದಾಳೆ. ತಾಲೀಮಿಗೆ ಹಳೇ ಗೋದಾಮೊಂದರಲ್ಲಿ ಹಲಗೆಯ ವೇದಿಕೆ ಹಾಕಿಸಿದ್ದೇನೆ. ಮೊದಲ ದಿನ ದೀಪ ಆರಿಸಿ, ಬರಿಗಾಲಲ್ಲಿ ನಿಂತೆ. ಹಿಮ್ಮಡಿಗೆ ಬಂತು ನೋಡು, ಧಡಕ್, ಧಡಕ್, ಧಡಕ್, ತಡೆ, ಆಮೇಲೆ ಬಿತ್ತು. ಬಾಯಿ ತಾನಾಗಿ ತೆರೆದುಕೊಂಡಿತು. ದೀಪ ಹಾಕಿದಾಗ ಬೇಸ್ ಗಿಟಾರ್ ನುಡಿಸುವ, ನಾವು ‘ಕಂಬ’ ಎಂದು ಕರೆಯುವವನು, ಜನ್ಮದಲ್ಲಿ ಯಾರನ್ನೂ ಹೊಗಳದ ಪ್ರಾಣಿ, ಕಣ್ಣೊರೆಸಿಕೊಳ್ಳುತ್ತಿದ್ದ. ಆವತ್ತೇ ಎಲ್ಲರಿಗೂ ಕಿವಿಯ ವಿಷಯ ಹೇಳಿಬಿಟ್ಟೆ.

ಈಚೆಗೆ ಹೊರಗಿನದು ಕೇಳಿಸದ ಮೇಲೆ ಹಳೆಯದೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ವ್ಯಾನು, ಮೂರನೇ ಗೇರಿಗೆ ಹಾಕಿದಾಗಲೆಲ್ಲ ಗೊರಕೆ ಹೊಡೆಯುತ್ತಿದ್ದದ್ದು. ಸಿಂಬಲ್ ಸ್ಟ್ಯಾಂಡಿನ ಮೇಲೆ ನಿನ್ನ ಕಾಲುಚೀಲ ಒಣಗುತ್ತಿದ್ದದ್ದು. ಕನ್ನಡಿಯಲ್ಲಿ ರಸ್ತೆ ನೋಡುವ ಬದಲು ಭಾವ ನಿನ್ನನ್ನು ನೋಡಿ ನೋಡಿ, ಒಮ್ಮೆ ನಮ್ಮನ್ನು ಒಯ್ದು ಹೊಲಕ್ಕೆ ಇಳಿಸಿದ್ದು. ಆಮೇಲೆ ಅಮ್ಮ. ಕೆಳಗಿನ ಅಡುಗೆಮನೆಯಿಂದ ಕೂಗಿ ಕೂಗಿ ಸಾಕಾಗಿ, ಊಟಕ್ಕೆ ಕರೆಯಲು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದಳಲ್ಲ? ಗಿಟಾರಿನ ಗದ್ದಲದಲ್ಲಿ ಯಾವುದೂ ಕೇಳಿಸುತ್ತಿರಲಿಲ್ಲ, ಆದರೆ ಕಾಲಿಗೆ ಗೊತ್ತಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಓಡುತ್ತಿದ್ದೆವು.

ಇನ್ನೊಂದು ಕೇಳಬೇಕು. ಆವತ್ತು ಆಸ್ಪತ್ರೆಯ ಫೋನಿನಲ್ಲಿ ನಾನು ಏನು ಮಾಡಲಿ ಎಂದಾಗ, ನೀನು ಕೂಡಲೇ “ಹೋಗು” ಅನ್ನಲಿಲ್ಲ. ಸ್ವಲ್ಪ ತಡೆದೆ. ಆಮೇಲೆ ಅಂದೆ. ಆ ತಡೆ ನನಗೆ ಈಗಲೂ ಕೇಳಿಸುತ್ತದೆ. ಅದರಲ್ಲಿ ಏನಿತ್ತು ಅಕ್ಕ?

ಎರಡು ಟಿಕೆಟ್ ಇಟ್ಟಿದ್ದೇನೆ. ಬಾರಿಸುವುದು ಬೇಡ. ಬಂದು ನೋಡು.

ಗುಬ್ಬಿ

*

ಏಪ್ರಿಲ್ ೨೮

ಗುಬ್ಬಿ,

ಹಳೇ ಫೋನು, ಲೈನು ಕೆಟ್ಟಿತ್ತು. ಅದರಲ್ಲಿ ಏನೂ ಇರಲಿಲ್ಲ. ಸತ್ತುಹೋದದ್ದನ್ನು ಕೆದಕಬೇಡ.

ಟಿಕೆಟ್ ವಾಪಸ್ ಕಳಿಸುತ್ತಿದ್ದೇನೆ. ಗಡಿಯಾರ ಇದ್ದಾಳೆ, ನಿನಗೆ ಬೇಕಾದದ್ದು ಸಿಕ್ಕಿತು. ನಾನು ಜನರ ಮಧ್ಯೆ ಕೂತು ಇನ್ನೊಬ್ಬರು ನನ್ನ ಏಟು ಹಾಕುವುದನ್ನು ನೋಡಲಾರೆ. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೋ. ಬ್ಯಾಂಡು ಬಿಟ್ಟ ಮೇಲೆ ಎಷ್ಟೋ ವರ್ಷ ನನ್ನ ಬಲಗಾಲು ಮೇಜಿನಡಿ ತಾನಾಗಿ ಪೆಡಲ್ ತುಳಿಯುತ್ತಿತ್ತು. ಲೆಕ್ಕ ಬರೆಯುವಾಗ, ಅನ್ನ ಬಸಿಯುವಾಗ, ಅಪ್ಪನ ಕೈಗೆ ಎಣ್ಣೆ ತಿಕ್ಕುವಾಗ. ಕಷ್ಟಪಟ್ಟು ನಿಲ್ಲಿಸಿದ್ದೇನೆ. ಈಗ ಮತ್ತೆ ಎಬ್ಬಿಸಬೇಡ ಅದನ್ನು.

ಚೆನ್ನಾಗಿ ಹಾಡು. ಬೆಚ್ಚಗಿನ ನೀರು ಕುಡಿ.

ಅಕ್ಕ

ತಮ್ಮನಿಗೆ, ಗುಟ್ಟಾಗಿ: ಇವಳು ಅಂಟಿಸಿದ ಕವರನ್ನು ಹಬೆಯಲ್ಲಿ ಬಿಚ್ಚಿ ಎರಡೂ ಟಿಕೆಟ್ ತೆಗೆದುಕೊಂಡಿದ್ದೇನೆ. ಭುಜ ತೋರಿಸಲು ಡಾಕ್ಟರ ಹತ್ತಿರ ಹೋಗೋಣ ಎಂದು ಹೊರಡಿಸುತ್ತೇನೆ. ಆಮೇಲೆ ದಾರಿ ತಪ್ಪುವುದು ನನಗೆ ಬಿಟ್ಟದ್ದು. – ಭಾವ

*

ಮೇ ೨೧

ಅಕ್ಕಾ,

ಮಾತಾಡಿಸದೆ ಹೊರಟುಬಿಟ್ಟಿರಿ. ನಾನು ಸ್ಟೇಜಿನಿಂದ ಇಳಿದು ಹುಡುಕುವಷ್ಟರಲ್ಲಿ ನಿಮ್ಮ ಜಾಗದಲ್ಲಿ ಎರಡು ಖಾಲಿ ಕುರ್ಚಿ, ಒಂದರ ಮೇಲೆ ಭಾವನ ಟೋಪಿ. ಅದನ್ನು ಇದರ ಜೊತೆಗೆ ಕಳಿಸುತ್ತಿದ್ದೇನೆ.

ನಡೆದದ್ದನ್ನು ನನ್ನ ಕಡೆಯಿಂದ ಹೇಳುತ್ತೇನೆ, ನಿನ್ನ ಕಡೆಯದು ನೀನು ಹೇಳು. ನೀನು ಬಂದಿದ್ದೀಯ ಎಂದು ನನಗೆ ಗೊತ್ತೇ ಇರಲಿಲ್ಲ. ಭಾವ ಹೇಗೆ ದಾರಿ ತಪ್ಪುತ್ತಾರೋ ಹೇಳಲಾಗುವುದಿಲ್ಲ, ಬೇರೆ ಊರಿಗೇ ಹೋಗಿರಬಹುದು ಅಂದುಕೊಂಡಿದ್ದೆ. ಮಧ್ಯಾಹ್ನ ಬರಿ ಹಲಗೆಯ ಮೇಲೆ ತಾಲೀಮು ನಡೆಸಿದೆವು, ಎಲ್ಲ ಸರಿಯಿತ್ತು. ಸಂಜೆ ನಾವು ಬಟ್ಟೆ ಬದಲಾಯಿಸುತ್ತಿದ್ದಾಗ ಸ್ಟೇಜಿನ ಕೆಲಸದವರು, ವೈರುಗಳಿಗೆ ಯಾರೂ ಎಡವಬಾರದು ಎಂದು ಒಳ್ಳೆಯ ಮನಸ್ಸಿನಿಂದಲೇ, ಉದ್ದಕ್ಕೂ ದಪ್ಪನೆ ರಬ್ಬರು ಹಾಸಿಬಿಟ್ಟಿದ್ದರು. ಗಿಟಾರಿನ ಹಾಡುಗಳಲ್ಲಿ ನನಗೆ ಗೊತ್ತಾಗಲಿಲ್ಲ. ಕಾಲು ಮೆತ್ತಗಿದೆ, ಬೆವರಿರಬೇಕು ಅಂದುಕೊಂಡೆ.

‘ಶಾಯಿ ಕೈ’ಗೆ ದೀಪ ಆರಿತು. ಕಾಲಿಗೆ ಏನೂ ಬರಲಿಲ್ಲ. ಕಾದೆ. ಏನೂ ಇಲ್ಲ. ಇಷ್ಟು ಹೊತ್ತಿಗೆ ಶುರುವಾಗಿರಬೇಕು ಎಂದು ಊಹಿಸಿ ಬಾಯಿ ತೆರೆದೆ. ತಪ್ಪಿದೆ ಎಂದು ಮೈದಾನದಂಚಿನ ಮಂದ ಬೆಳಕಿನಲ್ಲೂ ಮುಂದಿನ ಸಾಲಿನವರ ಮುಖದಿಂದಲೇ ತಿಳಿಯಿತು. ನಿಲ್ಲಿಸಿ ಮತ್ತೆ ಹಿಡಿದೆ, ಮತ್ತೆ ತಪ್ಪಿದೆ. ಯಾರೋ ದೀಪ ಹಾಕಿದರು. ಒಬ್ಬ ಪಕ್ಕದವನ ಕಡೆ ಬಾಗಿ ಹೆಬ್ಬೆರಳನ್ನು ಬಾಯಿಗಿಟ್ಟು ಕುಡಿಯುವ ಹಾಗೆ ಮಾಡಿ ತೋರಿಸಿದ, ಇಬ್ಬರೂ ನಕ್ಕರು. ಸಾಕು ಅನ್ನಿಸಿತು ಅಕ್ಕ. ಮೈಕನ್ನು ಸ್ಟ್ಯಾಂಡಿಗೆ ಹಾಕಿ ಹೊರಡಲು ತಿರುಗಿದೆ.

ಆಗ ಪಕ್ಕದ ಮೆಟ್ಟಿಲಿನಿಂದ ನೀನು ಹತ್ತಿ ಬರುತ್ತಿದ್ದೆ. ಹಿಂದೆ ಇಬ್ಬರು ಕಾವಲಿನವರು, ಅವರ ಅಂಗಿ ಹಿಡಿದು ಎಳೆಯುತ್ತಾ ಭಾವ. ನೀನು ನನ್ನ ಮುಖ ನೋಡಿ ಏನೋ ಅಂದೆ, ನನಗೆ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ತುಟಿ ಓದಲಾಗಲಿಲ್ಲ. ಆಮೇಲೆ ಬಗ್ಗಿ ಎಡಗೈಯಿಂದ ರಬ್ಬರಿನ ಅಂಚು ಹಿಡಿದು ಎಳೆಯತೊಡಗಿದೆ. ಕಾವಲಿನವರಿಗೆ ಅದೇನು ಬೈದೆಯೋ, ಅವರೂ ಬಗ್ಗಿ ಎಳೆದರು. ಸಾವಿರಾರು ಜನರ ಎದುರು ನಾಲ್ವರೂ ಸೇರಿ ಹಾಸಿಗೆ ಸುತ್ತುವ ಹಾಗೆ ಸುತ್ತಿ ಮೂಲೆಗೆ ತಳ್ಳಿದಿರಿ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು, ನನಗೂ ನಗು ಬಂತು. ಆಮೇಲೆ ನೀನು ನನ್ನ ಪಕ್ಕ ಬಂದು ನಿಂತೆ. ಆಗ ನಿನ್ನ ಕಾಲು ನೋಡಿದೆ. ನನ್ನ ಬೂಟು.

ನೀನು ಬಲಗಾಲೆತ್ತಿ ಹಲಗೆಗೆ ಕುಟ್ಟಿದೆ. ಕುಟ್ಟಿದೆ, ಕುಟ್ಟಿದೆ, ಕಾಲನ್ನು ಗಾಳಿಯಲ್ಲಿ ತಡೆದು ನಿಲ್ಲಿಸಿದೆ, ಇಳಿಸಿದೆ. ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಎದೆಗೆ ಬಂತು. ಗಡಿಯಾರ ನಿನ್ನ ಹಿಂದೆಯೇ ಡ್ರಮ್ಮಿನಲ್ಲಿ ತಾಳ ಹಿಡಿದುಕೊಂಡಳು. ನಾನು ಹಾಡಿದೆ. ಕಣ್ಣು ಮುಚ್ಚಿದ್ದೆ, ಅಪ್ಪ ಕೆಳಗೆ ಕೆಲಸ ಮಾಡುತ್ತಿದ್ದರು.

ಎರಡನೇ ಚರಣಕ್ಕೆ ಹಲಗೆಯ ನಡುಕ ಜಾಸ್ತಿಯಾಯಿತು. ಏನೆಂದು ಕಣ್ಣು ತೆರೆದರೆ, ಇಡೀ ಮೈದಾನ ನಿನ್ನನ್ನು ನೋಡಿ ಕಾಲು ಕುಟ್ಟುತ್ತಿತ್ತು. ಆ ತಡೆ ಬಂದಾಗ ಎಲ್ಲರ ಕಾಲೂ ಮೇಲೆ ನಿಂತಿತು. ಅಷ್ಟೂ ಜನ ಕಾದರು. ಆಮೇಲೆ ಒಟ್ಟಿಗೆ ಇಳಿಸಿದರು. ನನಗೆ ಕಿವಿ ಇಲ್ಲ ಅಂತ ಆಗ ನೆನಪಿರಲಿಲ್ಲ ಅಕ್ಕ.

ಪೇಪರಿನವರು ‘ಹಳೆಯ ಅಭಿಮಾನಿ ಅಜ್ಜಿ’ ಎಂದು ಬರೆದಿದ್ದಾರೆ, ಕತ್ತರಿಸಿ ಇಟ್ಟಿದ್ದೇನೆ, ಓದಿ ಸಿಟ್ಟು ಮಾಡಿಕೋ. ನನಗೆ ಬೇಕಾದದ್ದು ಒಂದೇ. ನಾನು ಹೊರಟು ನಿಂತಾಗ ನೀನು ಏನಂದೆ? ಗಡಿಯಾರಕ್ಕೆ ಕೇಳಿಸಿಲ್ಲ. ಭಾವನಿಗೆ ಬರೆದು ಕೇಳಿದೆ, “ಹ ಹ ಹ” ಎಂದಷ್ಟೇ ಬರೆದು ಕಳಿಸಿದ್ದಾರೆ.

ಗುಬ್ಬಿ

*

ಮೇ ೨೯

ಗುಬ್ಬಿ,

ಅಜ್ಜಿಯಂತೆ! ಅಭಿಮಾನಿಯಂತೆ! ಆ ಪೇಪರಿನವನ ವಿಳಾಸ ಕಳಿಸು.

ಡಾಕ್ಟರ ಹತ್ತಿರ ಹೋಗುವುದಕ್ಕೆ ಬೂಟು ಯಾಕ್ರೀ ಅಂತ ನಾನು ಕೇಳಿದ್ದೆ. “ದಾರಿಯಲ್ಲಿ ಕೆಸರಿದೆ” ಅಂದರು ಈ ಮಹಾಶಯರು. ಕಾರ್ಖಾನೆಯ ಗೇಟು ಕಂಡಾಗಲೇ ಎಲ್ಲ ಅರ್ಥವಾಯಿತು. ಇಳಿಯಲ್ಲ ಅಂದೆ. ಅವರು ನಕ್ಕರು. ಇಳಿದೆ.

ಕಾವಲಿನವರಿಗೆ ಅಂದದ್ದನ್ನು ಪತ್ರದಲ್ಲಿ ಬರೆಯಲಾಗುವುದಿಲ್ಲ. ನಿನಗೆ ಅಂದದ್ದು ಒಂದೇ ಮಾತು. “ಹೋಗ್ಬೇಡ.”

ಆವತ್ತು ಆಸ್ಪತ್ರೆಯ ಫೋನಿನಲ್ಲೂ ಬಾಯಿಯವರೆಗೆ ಬಂದಿದ್ದು ಇದೇ ಮಾತು. ಲೈನು ಕೆಟ್ಟಿರಲಿಲ್ಲ. ಅಪ್ಪ ಒಳಗೆ ಬಾಯಿ ಸೊಟ್ಟಗಾಗಿ ಮಲಗಿದ್ದರು, ನನಗೆ ನೀನು ಬೇಕಾಗಿತ್ತು. ನೀನಾಗಿಯೇ ಬರುತ್ತೇನೆ ಅನ್ನಲಿ ಅಂತ ಕಾದೆ. ಅನ್ನಲಿಲ್ಲ. ನನಗೂ ಕೇಳಲಾಗಲಿಲ್ಲ. ನುಂಗಿಕೊಂಡು “ಹೋಗು” ಅಂದೆ. ಆಗ ನಿನ್ನ ಕಿವಿ ಚೆನ್ನಾಗಿತ್ತು, ಅಂದದ್ದಷ್ಟೇ ಕೇಳಿಸಿತು, ಹೋದೆ. ಈಗ ಏನೂ ಕೇಳಿಸದೆ ನಿಂತೆ. ಇಷ್ಟು ವರ್ಷ ನಿನ್ನ ಮೇಲೆ ಇದ್ದ ಸಿಟ್ಟು ಆ ರಬ್ಬರಿನ ಜೊತೆಗೇ ಹೋಯಿತೋ ಏನೋ, ಮನೆಗೆ ಬಂದು ಹುಡುಕಿದರೆ ಸಿಗಲಿಲ್ಲ.

ಇನ್ನು ಬ್ಯಾಂಡು ಮುಗಿಯಿತು, ಅಲ್ಲಿ ಒಬ್ಬನೇ ಕೂತು ಏನು ಮಾಡುತ್ತೀಯ? ಮೇಲಿನ ನಮ್ಮ ಕೋಣೆ ಗುಡಿಸಿದ್ದೇನೆ. ಕಿಟಕಿಯ ಒಂದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಭಾವ ಸರಿಮಾಡುತ್ತೇನೆ ಅನ್ನುತ್ತಾರೆ, ಮಾಡುವುದಿಲ್ಲ. ಬಟ್ಟೆ ಕಡಿಮೆ ತಾ, ಗಿಟಾರು ಒಂದೇ ತಾ. ಕೆಳಗಿನಿಂದ ಕೂಗಿ ಗಂಟಲು ಹರಿದುಕೊಳ್ಳಲು ನನ್ನಿಂದ ಆಗುವುದಿಲ್ಲ, ನಿನಗೆ ಕೇಳಿಸುವುದೂ ಇಲ್ಲ. ಊಟದ ಹೊತ್ತಿಗೆ ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತೇನೆ.

ಬರಿಗಾಲಲ್ಲಿರು.

ಕಾಯುತ್ತಿರುವ
ಅಕ್ಕ